ಬಾಗಿಲ ಮುಂದಿನ 99ರ ಟಬ್: ಜನ ಬಂದರು, ಒಳಗಿನ ವ್ಯಾಪಾರ ಕೆಟ್ಟಿತು

ನವನಗರದ ಅಂಗಡಿಯವಳು

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಸೀರೆ, ಜಂಪರ್ ಪೀಸ್ (ರವಿಕೆ ಬಟ್ಟೆ), ಮಕ್ಕಳ ಬಟ್ಟೆ, ಟವೆಲ್, ಬನಿಯನ್. ಅಗಲ 12 ಅಡಿ, ಉದ್ದ 22 ಅಡಿ, ಅಷ್ಟೇ. ಮೊದಲು ಅಂಗಡಿ ಹಳೇ ಊರಿನಲ್ಲಿತ್ತು. ಆಲಮಟ್ಟಿ ಹಿನ್ನೀರಿಗೆ ನಮ್ಮ ಓಣಿ ಖಾಲಿಯಾದಾಗ ಮಾವನವರು ಕಪಾಟು, ಮಾಲು, ಉದ್ರಿ ಪುಸ್ತಕ ಎಲ್ಲ ಹೇರಿಕೊಂಡು ಇಲ್ಲಿಗೆ ಬಂದರಂತೆ. "ಉದ್ರಿ ಪುಸ್ತಕ ಬಂತು, ಉದ್ರಿ ಬರಲಿಲ್ಲ" ಅಂತ ಈಗಲೂ ನಗುತ್ತಾರೆ.

ವಿಷಯಕ್ಕೆ ಬರ್ತೀನಿ. ಏಪ್ರಿಲ್‌ನಲ್ಲಿ ಅಟ್ಟದ ಮೇಲಿನ ಹಳೇ ಮಾಲನ್ನೆಲ್ಲ ಇಳಿಸಿದೆ. ಎಣಿಸಿ ನೋಡಿದರೆ ತಲೆ ತಿರುಗಿತು. ಜಂಪರ್ ಪೀಸೇ ಸುಮಾರು 400. ಮಕ್ಕಳ ಫ್ರಾಕು 60ರ ಮೇಲೆ, ಎಲ್ಲ ಬಿಡಿ ಬಿಡಿ ಸೈಜು. ಮಡಿಕೆಯ ಗೆರೆಯಲ್ಲಿ ಬಣ್ಣ ಹೋದ ಟವೆಲ್. ದುಪಟ್ಟಾ ಎಲ್ಲಿ ಹೋಯಿತೋ ಗೊತ್ತಿಲ್ಲದ ಚೂಡಿದಾರ್ ಪೀಸ್. ಅಟ್ಟದಲ್ಲಿ ಮಲಗಿದ್ದು ಬಟ್ಟೆ ಅಲ್ಲ, ನಮ್ಮ ದುಡ್ಡು. ಅದೇ ದುಡ್ಡಿಗೆ ನಾಗರ ಪಂಚಮಿ ಮಾಲು ತರಬಹುದಿತ್ತು, ಅಲ್ವಾ?

ದೊಡ್ಡ ಅಂಗಡಿಗಳಲ್ಲಿ ಬುಟ್ಟಿ ತುಂಬಾ ಮಾಲು ಸುರಿದು ಒಂದೇ ಬೆಲೆ ಬರೆದಿರುತ್ತಾರಲ್ಲ, ನಾನೂ ಹಾಗೇ ಮಾಡಿದೆ. ಮದುವೆ ಮನೆಯಲ್ಲಿ ನೀರು ತುಂಬಿಸುವ ನೀಲಿ ಪ್ಲಾಸ್ಟಿಕ್ ಟಬ್ ಒಂದನ್ನು ಬಾಗಿಲ ಹೊರಗೆ ಇಟ್ಟೆ. ರಟ್ಟಿನ ಮೇಲೆ ಮಾರ್ಕರ್‌ನಲ್ಲಿ "ಯಾವುದಾದರೂ 99" ಅಂತ ಬರೆದೆ. ಜಂಪರ್ ಪೀಸನ್ನು ಎರಡೆರಡು ಜೋಡಿಸಿ, ಪಿನ್ ಹಾಕಿ, ಜೋಡಿಗೆ 99 ಮಾಡಿದೆ. ಅವುಗಳ ಅಸಲು ಒಂದಕ್ಕೆ 42. ಮೊದಲು 80ಕ್ಕೆ ಮಾರುತ್ತಿದ್ದೆವು.

ಮೊದಲ ವಾರ 41 ಹೋದವು. ನನಗೆ ಖುಷಿಯೋ ಖುಷಿ. ಎರಡನೇ ವಾರ 17. ಮೂರನೇ ವಾರ ಮೂರು. ಛಲೋ ಇದ್ದದ್ದನ್ನು ಜನ ಆರಿಸಿಕೊಂಡು ಹೋಗಿದ್ದರು. ಉಳಿದದ್ದರ ಮೇಲೆ ರಸ್ತೆಯ ಧೂಳು ಕೂತಿತ್ತು. ಯಾರೋ ಅದರಲ್ಲಿ ಚಹಾದ ಕಪ್ ಕೂಡ ಹಾಕಿ ಹೋಗಿದ್ದರು.

ಮಾಲು ಹೋಗದಿದ್ದರೆ ಹೋಗಲಿ ಬಿಡಿ. ಒಳಗಿನ ವ್ಯಾಪಾರಕ್ಕೇ ಪೆಟ್ಟು ಬಿತ್ತು. ಒಳಗೆ ಬಂದವರು ಯಾವ ಸೀರೆ ತೆಗೆದರೂ, "ಹೊರಗ ತೊಂಬತ್ತೊಂಬತ್ತಕ್ಕ ಕೊಡಾಕತ್ತೀರಿ, ಇದಕ್ಕ ಆರನೂರು ಯಾಕ್ರಿ? ಅರಬಿ ಅರಬೀನ ಅಲ್ಲೇನ್ರಿ?" ಅನ್ನುತ್ತಾರೆ. ಮೊದಲು ಐವತ್ತು ರೂಪಾಯಿಗೆ ಚೌಕಾಶಿ ಮಾಡುತ್ತಿದ್ದವರು ಈಗ ಇನ್ನೂರಕ್ಕೆ ಕೈ ಹಾಕುತ್ತಿದ್ದಾರೆ.

ಇನ್ನೊಂದು ಸಂಗತಿ ಮನಸ್ಸಿನಿಂದ ಹೋಗುತ್ತಿಲ್ಲ. ನಮ್ಮ ಕಾಯಂ ಗಿರಾಕಿ ಒಬ್ಬರು ಯುಗಾದಿಗೆ ಮಗಳಿಗೆ ಹಳದಿ ಫ್ರಾಕ್ ಒಯ್ದಿದ್ದರು, 280 ಕೊಟ್ಟು. ಅದೇ ನಮೂನೆಯದು ಇನ್ನೊಂದು ಉಳಿದಿತ್ತು, ನಾನು ಯೋಚನೆ ಮಾಡದೆ ಟಬ್‌ಗೆ ಹಾಕಿದ್ದೆ. ಅವರು ಬಂದರು, ಅದನ್ನು ಎತ್ತಿಕೊಂಡರು. ತಿರುಗಿಸಿ ಬೆನ್ನ ಹಿಂದಿನ ಜಿಪ್ ನೋಡಿದರು. ಮತ್ತೆ ಮೆಲ್ಲಗೆ ಇಟ್ಟರು. ಒಂದು ಮಾತೂ ಆಡಲಿಲ್ಲ. ಜಗಳ ಆಡಿದ್ದರೆ ಛಲೋ ಇತ್ತು. ಆಮೇಲೆ ಈ ಕಡೆ ಬಂದೇ ಇಲ್ಲ.

ಮಾವನವರದು ಬೇರೆ ಸಿಟ್ಟು. "ನಾವು ಅರಬಿ ಮಾರೋರು, ಬದನಿಕಾಯಿ ಅಲ್ಲ" ಅಂತ ಎರಡು ದಿನ ಗಲ್ಲಾ ಹತ್ತಿರ ಕೂರಲೇ ಇಲ್ಲ.

ತಿಳಿಯದೆ ಇರುವುದು ಒಂದೇ. ಜಂಪರ್ ಪೀಸ್ ಯಾಕೆ ಹೋಗಲಿಲ್ಲ? ನಮ್ಮ ಕಡೆ ಮದುವೆ, ಕುಬಸ (ಸೀಮಂತ), ಪಂಚಮಿ, ಯಾವುದಕ್ಕೂ ಉಡಿ ತುಂಬುವುದು, ಅಂದರೆ ಹೆಣ್ಣುಮಕ್ಕಳ ಮಡಿಲಿಗೆ ಜಂಪರ್ ಪೀಸ್ ಹಾಕಿ ಹರಸುವುದು, ಇದ್ದೇ ಇರುತ್ತದೆ. ಒಂದು ಮನೆಗೆ ಹತ್ತಿಪ್ಪತ್ತು ಪೀಸ್ ಬೇಕಾಗುತ್ತದೆ. 50 ರೂಪಾಯಿಗೆ ಬೇರೆಲ್ಲಿ ಸಿಗುತ್ತದೆ? ಆದರೂ 400ರಲ್ಲಿ ಹೋದದ್ದು ಐದು ಜೋಡಿ. ಟಬ್ ತೆಗೆದು ಬಿಡಲಾ, ಅಥವಾ ಇದನ್ನು ಸರಿಯಾಗಿ ಮಾಡುವ ದಾರಿ ಇದೆಯಾ? ಅನುಭವ ಇದ್ದವರು ಹೇಳಿ.

ಖಡೇಬಜಾರ್ ಚಪ್ಪಲಿ

ಅಕ್ಕಾರೆ, ಮೊದಲು ಆ ಟಬ್ಬನ್ನು ಬಾಗಿಲಿನಿಂದ ತೆಗೆಯಿರಿ. ಉಳಿದ ಮಾತು ಆಮೇಲೆ.

ನನ್ನದು ಬೆಳಗಾವಿ ಖಡೇ ಬಜಾರ್ ಹತ್ತಿರ ಚಪ್ಪಲಿ ಅಂಗಡಿ, ಒಂದು ಕಡೆ ರೆಡಿಮೇಡ್ ಕೂಡ ಇದೆ. ನಾನೂ ಇದೇ ತಪ್ಪು ಮಾಡಿದ್ದೆ. ಗಣೇಶ ಚೌತಿಯ ಹಿಂದಿನ ವಾರ. ಆಗ ನಮ್ಮ ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಗೋವಾ ಕಡೆಯಿಂದಲೂ ಜನ ಬರುತ್ತಾರೆ. ಬಾಗಿಲಲ್ಲೇ ಬುಟ್ಟಿ ಇಟ್ಟೆ. ಜನ ನಿಲ್ಲುತ್ತಾರೆ, ತೆಗೆದುಕೊಳ್ಳುವುದಿಲ್ಲ. ಯಾಕೆ ಅಂತ ಎದುರಿನ ಚಹಾ ಗಾಡಿ ಹತ್ತಿರ ನಿಂತು ನೋಡಿದೆ. ಒಬ್ಬಾಕೆ ಬಗ್ಗಿ ಬುಟ್ಟಿಗೆ ಕೈ ಹಾಕಿದಳು. ಹಿಂದಿನಿಂದ ಬಂದವನ ಚೀಲ ತಗುಲಿತು. ಎದ್ದು ಸೆರಗು ಸರಿ ಮಾಡಿಕೊಂಡಳು. ಮತ್ತೆ ಬಗ್ಗಿದಳು. ಈ ಸಲ ಯಾರದೋ ಮೊಣಕಾಲು. ಕೈಯಲ್ಲಿದ್ದ ಒಂಟಿ ಚಪ್ಪಲಿಯನ್ನು ಒಗೆದು ಹೋಗಿಬಿಟ್ಟಳು. ಒಂದು ಚಹಾ ಕುಡಿಯುವಷ್ಟರಲ್ಲಿ ಇದನ್ನೇ ನಾಲ್ಕು ಸಲ ನೋಡಿದೆ. ಹಿಂದಿನಿಂದ ತಗುಲುವ ಜಾಗದಲ್ಲಿ ಹೆಣ್ಣುಮಕ್ಕಳು ನಿಲ್ಲುವುದೇ ಇಲ್ಲ.

ಮರುದಿನ ಬುಟ್ಟಿಯನ್ನು ಒಳಗೆ ತಂದೆ. ಬಾಗಿಲಿನಿಂದ ಕಾಣಬೇಕು, ಆದರೆ ಅಲ್ಲಿಗೆ ಹೋಗಲು ಹೊಸ ಮಾಲನ್ನು ದಾಟಿಕೊಂಡೇ ಹೋಗಬೇಕು. ನಿಮ್ಮದು 22 ಅಡಿ ಅಂದಿರಿ. 14-15ನೇ ಅಡಿ ಹತ್ತಿರ, ಗೋಡೆ ಬದಿಗೆ ಇಡಿ. ಗಲ್ಲಾದಿಂದ ಕಣ್ಣಿಗೆ ಬೀಳುವಂತಿರಲಿ, ಇಲ್ಲದಿದ್ದರೆ ಚೀಲದಲ್ಲಿ ಹೋಗಿದ್ದು ಗೊತ್ತಾಗುವುದಿಲ್ಲ.

ನೆಲದ ಮೇಲೆ ಬೇಡವೇ ಬೇಡ. ಸೊಂಟದ ಎತ್ತರಕ್ಕೆ ಬರಬೇಕು. ಬಗ್ಗಬೇಕಾದರೆ ವಯಸ್ಸಾದವರು ಕೈ ಹಾಕುವುದಿಲ್ಲ. ಇನ್ನೊಂದು ಉಪಾಯ. ಬುಟ್ಟಿಯ ತಳಕ್ಕೆ ಖಾಲಿ ಬಾಕ್ಸ್ ಬೋರಲು ಹಾಕಿ ಅದರ ಮೇಲೆ ಮಾಲು ಸುರಿಯಿರಿ. 30 ಪೀಸ್ ಇದ್ದರೂ ತುಂಬಿದಂತೆ ಕಾಣುತ್ತದೆ. ಅರ್ಧ ಖಾಲಿಯಾದ ಬುಟ್ಟಿ ನೋಡಿದರೆ "ಎಲ್ಲಾ ಬಳಿದುಕೊಂಡು ಹೋಗ್ಯಾರ" ಅಂತ ಜನ ಮುಂದೆ ಹೋಗುತ್ತಾರೆ.

ಮಡಚಿ ಇಡಬೇಡಿ. ನಾನು ಒಮ್ಮೆ ಟೀ ಶರ್ಟ್‌ಗಳನ್ನು ಒಪ್ಪವಾಗಿ ಮಡಚಿ ಸಾಲಾಗಿ ಜೋಡಿಸಿದ್ದೆ. ಯಾರೂ ಮುಟ್ಟಲಿಲ್ಲ, ಮಡಿಕೆ ಕೆಡಿಸಲು ಸಂಕೋಚ. ಅದನ್ನೇ ಕೈಯಿಂದ ಕಲಸಿ ಗುಡ್ಡೆ ಹಾಕಿದೆ, ಸಂಜೆಯೊಳಗೆ ಕೆದಕಲು ಶುರು. ಬಿಗ್ ಬಜಾರ್ ಕಟ್ಟಿದ ಕಿಶೋರ್ ಬಿಯಾನಿ ಬೇಕಂತಲೇ ಅಂಗಡಿಯಲ್ಲಿ ಇಕ್ಕಟ್ಟು, ಗದ್ದಲ, ಗುಡ್ಡೆ ಮಾಲು ಇಟ್ಟವರು. ಅಚ್ಚುಕಟ್ಟಾದ ಅಂಗಡಿಯಲ್ಲಿ ನಮ್ಮ ಜನ ಸುಮ್ನೆ ನಡೆದು ಹೋಗುತ್ತಾರೆ, ಸಂತೆ ಥರ ಇದ್ದರೆ ನಿಂತು ಕೊಳ್ಳುತ್ತಾರೆ ಅನ್ನುವುದು ಅವರ ಲೆಕ್ಕ. ಅದು ಆ ಕಾಲಕ್ಕೆ ನಡೆಯಿತು. ಆದರೆ ಗದ್ದಲ ಬೇರೆ, ಹೊಲಸು ಬೇರೆ. ಚಹಾ ಕಪ್ ಬಿದ್ದ ದಿನವೇ ನಿಮ್ಮ ಟಬ್ ಕಸದ ಡಬ್ಬಿ ಆಯ್ತು.

ಎಲ್ಲದಕ್ಕಿಂತ ಮುಖ್ಯ: ಒಳಗೆ ನೇತು ಹಾಕಿದ ಮಾಲು ಬುಟ್ಟಿಯಲ್ಲಿ ಇರಬಾರದು, ಬುಟ್ಟಿಯಲ್ಲಿ ಇದ್ದದ್ದು ಒಳಗೆ ಇರಬಾರದು. ಹಳದಿ ಫ್ರಾಕಿನ ಕಥೆ ಓದಿ ಹೊಟ್ಟೆ ಚುರ್ ಅಂತು.

ಮತ್ತೆ, ಬುಟ್ಟಿ ನಡೆಯಿತು ಅಂತ ಬುಟ್ಟಿಗೋಸ್ಕರವೇ ಮಾಲು ತರಬೇಡಿ. ನಾನು ತಿರುಪ್ಪೂರಿನಿಂದ ಫ್ಯಾಕ್ಟರಿಯಲ್ಲಿ ಉಳಿದ, ಕೆಜಿ ಲೆಕ್ಕದ ಸರ್‌ಪ್ಲಸ್ ಮಾಲು ತರಿಸಿದ್ದೆ. ಅಟ್ಟ ಖಾಲಿ ಮಾಡಲು ಹೋಗಿ ಅಟ್ಟ ತುಂಬಿಸಿಕೊಂಡೆ. ಇನ್ನೂ ಎರಡು ಚೀಲ ಇದೆ, ಕೇಳಬೇಡಿ.

ಮುಧೋಳದ ಟೀಚರ್

ನಾನು ಅಂಗಡಿಯವಳಲ್ಲ, ಕೊಳ್ಳುವವಳು. ಬುಟ್ಟಿ ಕಂಡರೆ ಕೈ ಹಾಕದೆ ಬರುವವಳೂ ಅಲ್ಲ. ನಮ್ಮ ಮನೆಯವರು "ಬುಟ್ಟಿ ಬಂತು, ಇನ್ನು ಅರ್ಧ ಗಂಟೆ" ಅಂತ ಹೊರಗೆ ಹೋಗಿ ನಿಲ್ಲುತ್ತಾರೆ.

ನಿಮ್ಮ ಜಂಪರ್ ಪೀಸ್ ಯಾಕೆ ಹೋಗಲಿಲ್ಲ ಅಂತ ನಾನು ಹೇಳ್ತೀನಿ. ನೀವು ಅದನ್ನು ಇಟ್ಟದ್ದು ಬಾಗಿಲ ಹೊರಗೆ, ನೆಲದ ಮೇಲೆ, ಜನ ಚಪ್ಪಲಿ ಬಿಡುವ ಜಾಗದಲ್ಲಿ. ನಮ್ಮ ಅತ್ತೆ ಇದ್ದಿದ್ದರೆ "ಕಾಲಾಗ ಇಟ್ಟದ್ದನ್ನ ಉಡಿಯಾಗ ಹೆಂಗ ಹಾಕೂದು?" ಅಂತಿದ್ದರು. ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಷಿಣ ಕೊಂಬು, ಉತ್ತತ್ತಿ ಜೊತೆ ಹೋಗುವ ವಸ್ತು ಅದು. ಕೊಡುವವಳಿಗೆ 50 ರೂಪಾಯಿಯ ಪೀಸ್ ಆದರೂ ಪರವಾಗಿಲ್ಲ, ಇಸಗೊಳ್ಳುವವಳಿಗೂ ಗೊತ್ತಿರುತ್ತದೆ. ಆದರೆ ಮೈಲಿಗೆ ಅನ್ನಿಸಬಾರದು.

ಮೇಲೆ ಪಿನ್ ಬೇರೆ ಚುಚ್ಚಿದ್ದೀರಿ. ಕಪ್ಪು ಪೀಸ್ ಕೂಡ ಜೊತೆಗೇ ಇತ್ತಾ? ಇತ್ತು ಅಂದರೆ ಮುಗೀತು. ಉಡಿಗೆ ಕಪ್ಪು ಬಟ್ಟೆ ನಮ್ಮಲ್ಲಿ ಯಾರೂ ಹಾಕುವುದಿಲ್ಲ. ಜೋಡಿಯಲ್ಲಿ ಒಂದು ಹಸಿರು, ಒಂದು ಕಪ್ಪು ಇದ್ದರೆ ಹಸಿರಿಗಾಗಿ ಕಪ್ಪನ್ನೂ ಯಾರು ಒಯ್ಯುತ್ತಾರೆ?

ಇನ್ನೊಂದು. ಬುಟ್ಟಿಯಲ್ಲಿ ಮಕ್ಕಳ ಬಟ್ಟೆ ಹುಡುಕುವಾಗ ನನಗೆ ಬೇಕಾದ ಸೈಜ್ ಸಿಗುವುದೇ ಇಲ್ಲ. ಚಂದ ಕಂಡದ್ದೆಲ್ಲ ಎರಡು ವರ್ಷದ ಕೂಸಿನದು. ಒಂದು ಬುಟ್ಟಿ ಸಣ್ಣ ಮಕ್ಕಳಿಗೆ, ಒಂದು ಶಾಲೆಗೆ ಹೋಗುವವರಿಗೆ ಅಂತ ಬೇರೆ ಮಾಡಿ. ಕೆದಕುವ ಸುಖವೂ ಉಳಿಯುತ್ತದೆ.

ನವನಗರದ ಅಂಗಡಿಯವಳು

ಟೀಚರ್, ಕಪ್ಪು ಇತ್ತು. ಅದೂ ಜೋಡಿಯಲ್ಲೇ ಇತ್ತು. ಬಣ್ಣ ಬೇರೆ ಬೇರೆ ಇರಲಿ ಅಂತ ನಾನೇ ಬೇಕಂತಲೇ ಹಾಗೆ ಜೋಡಿಸಿದ್ದೆ. ಹುಟ್ಟಿದಾಗಿನಿಂದ ಉಡಿ ತುಂಬುವುದನ್ನು ನೋಡಿದವಳು ನಾನು. ಗಲ್ಲಾದ ಈ ಕಡೆ ಕೂತ ಮೇಲೆ ಮರೆತೇ ಹೋಯಿತು ನೋಡಿ.

ಖಡೇಬಜಾರ್ ಅಣ್ಣ, ಇವತ್ತೇ ಟಬ್ ಎತ್ತಿದೆ. ಮಾವನವರು ಏನೂ ಅನ್ನಲಿಲ್ಲ, ಆದರೆ ಗಲ್ಲಾಕ್ಕೆ ಬಂದು ಕೂತರು.

ಒಂದು ಪ್ರಶ್ನೆ ಉಳಿಯಿತು. ಹೋಗದೆ ಇದ್ದ ಜಂಪರ್ ಪೀಸನ್ನು ಸೀರೆ ಕೊಂಡವರಿಗೆ ಸುಮ್ನೆ ಕೊಟ್ಟುಬಿಡಲಾ ಅಂತಲೂ ಯೋಚನೆ ಇದೆ. ಅಸಲು ಹೋದರೂ ಅಟ್ಟವಾದರೂ ಖಾಲಿಯಾಗುತ್ತದೆ. ಮತ್ತೆ "ಕೊಂಡ ಮಾಲು ವಾಪಸ್ ಇಲ್ಲ" ಅಂತ ಬೋರ್ಡ್ ಬರೆಯಬಹುದಾ?

ಲೆಕ್ಕದ ಚೀಲ, ವಿಜಯಪುರ

ಮೇಡಂ, ಸುಮ್ನೆ ಕೊಡುವ ಮುಂಚೆ ಒಂದು ನಿಮಿಷ. ನಾನು ವಿಜಯಪುರದಲ್ಲಿ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ಬರೆಯುವವನು. ಬುಟ್ಟಿ ಎಲ್ಲಿ ಇಡಬೇಕು ಅನ್ನುವುದು ನನಗೆ ತಿಳಿಯದು, ಬುಟ್ಟಿಯಿಂದ ನೋಟಿಸ್ ಹೇಗೆ ಬರುತ್ತದೆ ಅನ್ನುವುದು ತಿಳಿಯುತ್ತದೆ.

ನೀವು ರೆಗ್ಯುಲರ್ ಡೀಲರ್ ಆಗಿದ್ದರೆ, ಆ ಪೀಸ್ ಕೊಳ್ಳುವಾಗ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿರುತ್ತೀರಿ, ಅಂದರೆ ಅಷ್ಟನ್ನು ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಂಡಿರುತ್ತೀರಿ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(ಎಚ್) ಪ್ರಕಾರ ಕಳೆದುಹೋದ, ಹಾಳಾದ, ಲೆಕ್ಕದಿಂದ ತೆಗೆದುಹಾಕಿದ, ಅಥವಾ ಉಡುಗೊರೆಯಾಗಿ ಕೊಟ್ಟ ಮಾಲಿಗೆ ಆ ಕ್ರೆಡಿಟ್ ಸಿಗುವುದಿಲ್ಲ. ಬಿಲ್ ಇಲ್ಲದೆ ಹಂಚಿದರೆ ಕ್ರೆಡಿಟ್ ವಾಪಸ್ ಕಟ್ಟಬೇಕು. ಅದೇ ಮಾಲನ್ನು ಅಸಲಿಗಿಂತ ಕಡಿಮೆಗೆ ಮಾರಿದರೆ ಆ ತೊಂದರೆ ಇಲ್ಲ. ಗಿರಾಕಿ ಕೊಟ್ಟ ಬೆಲೆಯ ಮೇಲೆ ತೆರಿಗೆ, ಅಷ್ಟೇ. ಅಂದರೆ ಗುಡ್ಡೆಯಲ್ಲಿ 10 ರೂಪಾಯಿಗೆ ಮಾರುವುದು ಸುಮ್ನೆ ಕೊಡುವುದಕ್ಕಿಂತ ಎಷ್ಟೋ ವಾಸಿ.

ಸೀರೆ ಜೊತೆ ಕೊಡಲೇಬೇಕು ಅಂತಿದ್ದರೆ ಒಂದೇ ಬಿಲ್ಲಿನಲ್ಲಿ ಎರಡನ್ನೂ ಬರೆಯಿರಿ. "ಸೀರೆ ಮತ್ತು ಜಂಪರ್ ಪೀಸ್, ಎರಡಕ್ಕೂ ಸೇರಿ ಇಷ್ಟು." ಒಂದು ಕೊಂಡರೆ ಒಂದು ಉಚಿತ ಅನ್ನುವುದು ಉಡುಗೊರೆ ಅಲ್ಲ, ಒಂದರ ಬೆಲೆಗೆ ಎರಡು ಮಾರಿದಂತೆ ಅಂತ 2019ರ ಮಾರ್ಚ್‌ನ 92ನೇ ಜಿಎಸ್‌ಟಿ ಸುತ್ತೋಲೆಯಲ್ಲಿ ಹೇಳಿದ್ದಾರೆ. ಹಾಗೆ ಮಾಡಿದರೆ ಕ್ರೆಡಿಟ್ ಉಳಿಯುತ್ತದೆ. ನೀವು ಕಾಂಪೊಸಿಷನ್‌ನಲ್ಲಿ (ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಸ್ಕೀಮ್) ಇದ್ದರೆ ಕ್ರೆಡಿಟ್ಟೇ ಇಲ್ಲ, ಈ ತಲೆನೋವೂ ಇಲ್ಲ.

ವಾಪಸ್ ಬೋರ್ಡ್ ವಿಷಯ. ಬಣ್ಣ ಮನಸ್ಸಿಗೆ ಬರಲಿಲ್ಲ ಅಂತ ತಂದರೆ ನೀವು ಒಲ್ಲೆ ಅನ್ನಬಹುದು. ಆದರೆ ದೋಷವಿರುವ ಮಾಲನ್ನು ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ತಪ್ಪು. ಬಿಲ್ಲಿನಲ್ಲಿ ಬರೆದ ದಿನದೊಳಗೆ, ಏನೂ ಬರೆದಿಲ್ಲ ಅಂದರೆ 30 ದಿನದೊಳಗೆ ತಂದರೆ ತೆಗೆದುಕೊಳ್ಳಬೇಕು. ಹಾಗಾಗಿ ಬಣ್ಣ ಹೋದ ಟವೆಲ್‌ಗೆ "ಮಡಿಕೆಯಲ್ಲಿ ಬಣ್ಣ ಮಾಸಿದೆ" ಅಂತ ಚೀಟಿ ಹಾಕಿ, ಬಿಲ್ಲಿನಲ್ಲೂ ಬರೆಯಿರಿ. ನೋಡಿಯೇ ಕೊಂಡಿದ್ದಾರೆ ಅನ್ನುವುದಕ್ಕೆ ಗುರುತು ಇರಲಿ.

ಪ್ಯಾಕ್ ಆಗಿ ಬಂದ ಬನಿಯನ್, ಟವೆಲ್ ಸೆಟ್ ಮೇಲೆ ಕಡಿಮೆ ಬೆಲೆಯ ಸ್ಟಿಕರ್ ಹಚ್ಚಬಹುದು. ಆದರೆ ಕಂಪನಿ ಹಾಕಿದ ಎಂಆರ್‌ಪಿ ಮುಚ್ಚುವಂತಿಲ್ಲ, ಅದು ಕಾಣುತ್ತಿರಬೇಕು. ನಿಜ ಹೇಳಬೇಕೆಂದರೆ ಅದು ಕಂಡರೇ ನಿಮಗೆ ಲಾಭ. ಮತ್ತೆ ಯಾವತ್ತೂ 400ಕ್ಕೆ ಮಾರದ ಫ್ರಾಕಿನ ಮೇಲೆ "400" ಬರೆದು ಗೀಟು ಹಾಕಿ "99" ಅನ್ನಬೇಡಿ. ನೀವು ಮಾಡಿಲ್ಲ ಅಂತ ಗೊತ್ತು. ನಮ್ಮ ಊರಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಬಂತು ಅಂದರೆ ಹೀಗೆ ಗೀಟು ಹಾಕಿದ ಬೋರ್ಡ್ ಎಷ್ಟು ನೋಡಿದ್ದೇನೆ ಅಂದರೆ, ಮಾರ್ಕರ್ ಕಂಡರೇ ಹೆದರಿಕೆ.

ಗುಳೇದಗುಡ್ಡದ ಕಾಕಾ

ತಂಗೆವ್ವಾ, ನಾನು ಬಟ್ಟೆ ಅಂಗಡಿಯಲ್ಲಿ ಆಳಾಗಿ ಸೇರಿ, ಆಮೇಲೆ ಸ್ವಂತ ಅಂಗಡಿ ಮಾಡಿ, ಈಗ ಮಗನಿಗೆ ಬಿಟ್ಟು ಕೂತವನು. ಇದನ್ನೂ ಅವನೇ ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದಾನೆ, ತಪ್ಪಿದ್ದರೆ ಅವನದು.

ಎಲ್ಲರೂ ಬುಟ್ಟಿಯ ಮಾತು ಆಡಿದರು. ನಾನು ಅಟ್ಟದ ಮಾತು ಆಡ್ತೀನಿ. ಮಾಲು ಅಟ್ಟಕ್ಕೆ ಹತ್ತಿದ್ದು ಯಾವಾಗ? ನಿನಗೆ ಗೊತ್ತಿಲ್ಲ, ನಿನ್ನ ಮಾವನಿಗೂ ನೆನಪಿರಲಿಕ್ಕಿಲ್ಲ. ನಾವು ಹಳೇ ಮಂದಿ ಅಸಲು ಬೆಲೆಯನ್ನು ಗುಪ್ತ ಅಕ್ಷರದಲ್ಲಿ ಚೀಟಿಗೆ ಬರೆಯುತ್ತಿದ್ದೆವು. ಗಿರಾಕಿಗೆ ತಿಳಿಯಬಾರದು, ಚೌಕಾಶಿಗೆ ಕೂತ ಹುಡುಗನಿಗೆ ಎಲ್ಲಿವರೆಗೆ ಇಳಿಯಬಹುದು ಅಂತ ತಿಳಿಯಬೇಕು. ಅದರ ಪಕ್ಕದಲ್ಲಿ ಮಾಲು ಬಂದ ತಿಂಗಳನ್ನೂ ಬರೆ. ದೀಪಾವಳಿಗೆ ಬಂದದ್ದು ಯುಗಾದಿಗೂ ಕಪಾಟಿನಲ್ಲೇ ಇದ್ದರೆ ಅದು ನಿನ್ನನ್ನು ನೋಡಿ ನಗುತ್ತಿದೆ ಅಂತ ತಿಳಿ.

ಅಮೆರಿಕದ ಬೋಸ್ಟನ್ ಊರಿನಲ್ಲಿ ಫೈಲೀನ್ಸ್ ಅಂತ ಒಂದು ದೊಡ್ಡ ಅಂಗಡಿ ಇತ್ತಂತೆ. ಕಳೆದ ಶತಮಾನದ ಶುರುವಿನಲ್ಲಿ ಅದರ ನೆಲಮಾಳಿಗೆಯನ್ನು ಉಳಿಕೆ ಮಾಲಿಗೇ ಬಿಟ್ಟರಂತೆ. ಪ್ರತಿ ಮಾಲಿನ ಚೀಟಿ ಮೇಲೆ ತಾರೀಖು. 12 ದಿನ ಹೋಗದಿದ್ದರೆ ಬೆಲೆ ಕಾಲು ಭಾಗ ಇಳಿಯಿತು. 18 ದಿನಕ್ಕೆ ಅರ್ಧ. 24 ದಿನಕ್ಕೆ ಮುಕ್ಕಾಲು. 30 ದಿನ ಆದರೂ ಉಳಿದರೆ ಧರ್ಮಕ್ಕೆ. ಮಗ ಇದನ್ನು ಓದಿ ಹೇಳಿದಾಗ ನನಗೆ ಭಾಳ ಸೇರಿತು. ಗಿರಾಕಿಗೂ ತಾರೀಖು ಕಾಣುತ್ತದೆ. ಇನ್ನೂ ಇಳಿಯಲಿ ಅಂತ ಕಾಯಬಹುದು, ಆದರೆ ಅಷ್ಟರಲ್ಲಿ ಬೇರೆಯವರು ಒಯ್ದರೆ? ಆ ಚಡಪಡಿಕೆಯೇ ವ್ಯಾಪಾರ. ಚೌಕಾಶಿಗೂ ಜಾಗ ಇಲ್ಲ. ಬೆಲೆ ಇಳಿಸುವವಳು ನೀನಲ್ಲ, ತಾರೀಖು.

ನಿನ್ನ ಟಬ್ ಮೂರನೇ ವಾರವೂ 99ರಲ್ಲೇ ನಿಂತಿತ್ತು. ಮೊದಲ ದಿನ ಒಲ್ಲೆ ಅಂದವರು ಇಪ್ಪತ್ತನೇ ದಿನ ಯಾಕೆ ಹೂಂ ಅನ್ನುತ್ತಾರೆ? ಬೆಲೆಯಾದರೂ ಬದಲಾಗಬೇಕು, ಮಾಲಾದರೂ ಬದಲಾಗಬೇಕು. ಎರಡೂ ಆಗದಿದ್ದರೆ ಬುಟ್ಟಿ ಎತ್ತಬೇಕು. ನಾನು ವರ್ಷಕ್ಕೆ ಮೂರು ಸಲ ಮಾತ್ರ ಗುಡ್ಡೆ ಹಾಕುತ್ತಿದ್ದೆ. ಅದರಲ್ಲಿ ಒಂದು ಬನಶಂಕರಿ ಜಾತ್ರೆಯ ಹೊತ್ತಿಗೆ. ಹತ್ತು ದಿನ, ಹನ್ನೊಂದನೇ ದಿನ ಕೇಳಿದರೂ ಇಲ್ಲ. "ಮತ್ಯಾವಾಗ ಹಾಕ್ತೀರಿ ಕಾಕಾ?" ಅಂತ ಜನ ಕೇಳುತ್ತಿದ್ದರು. ಕೇಳಲಿ ಅಂತಲೇ ಹೇಳುತ್ತಿರಲಿಲ್ಲ.

ಒಂದು ಮಾತು ಸಿಟ್ಟಿನಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಕೈಮಗ್ಗದ ಖಣ (ನಮ್ಮೂರಿನ ರವಿಕೆ ಬಟ್ಟೆ), ಇಳಕಲ್ ಸೀರೆ ಏನಾದರೂ ಉಳಿದಿದ್ದರೆ ಗುಡ್ಡೆಗೆ ಹಾಕಬೇಡ. ನಮ್ಮೂರಲ್ಲಿ ಖಣ ನೇಯುವವರ ಮನೆ ಕಡಿಮೆ ಆಗುತ್ತಾ ಬಂದಿದೆ. ಬಾಗಲಕೋಟೆಯಲ್ಲಿ ಇಷ್ಟಕ್ಕೆ ಸಿಗುತ್ತದೆ ಅಂತ ಒಬ್ಬ ಗಿರಾಕಿ ಬಂದು ಹೇಳಿದರೆ ಸಾಕು, ನೇಕಾರನಿಗೆ ಬಾಯಿ ಇರುವುದಿಲ್ಲ. ಅಂಥದ್ದು ಉಳಿದರೆ ಕಪಾಟಿನಲ್ಲೇ ಇರಲಿ, ಅದು ಹಳಸುವ ಮಾಲಲ್ಲ. ಮಷಿನ್ ಮಾಲಿಗೆ ನನ್ನ ತಕರಾರಿಲ್ಲ.

ಖಡೇಬಜಾರ್ ಚಪ್ಪಲಿ

ಕಾಕಾ, ತಾರೀಖಿನ ಮಾತು ಛಲೋ ಇದೆ. ಆದರೆ ನಮ್ಮ ಪೇಟೆಯಲ್ಲಿ ಮಾಡಿದರೆ ಎಲ್ಲರೂ 24ನೇ ದಿನ ಬರುತ್ತಾರೆ. ಅಲ್ಲಿಯವರೆಗೆ ನಾನು ಚಹಾ ಗಾಡಿಯಲ್ಲೇ ಕೂರಬೇಕು.

ಗುಳೇದಗುಡ್ಡದ ಕಾಕಾ

ಬರಲಿ ಬಿಡೋ ತಮ್ಮಾ. ನಿನ್ನ ಎರಡು ಚೀಲ ತಿರುಪ್ಪೂರು ಮಾಲು ಅವತ್ತಾದರೂ ಹೋಗುತ್ತದೆ.

ನವನಗರದ ಅಂಗಡಿಯವಳು

ಪಂಚಮಿ ಮುಗಿಯಿತು. ಎರಡು ತಿಂಗಳು ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಏನಾಯಿತು ಹೇಳುತ್ತೇನೆ.

ಹಳೇ ಊರಿನ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದ ತೇಗದ ಮೇಜು ಮನೆಯ ಹಿತ್ತಲಲ್ಲಿ ಬಿದ್ದಿತ್ತು. ಅಂಚಿನಲ್ಲಿ ಹಿತ್ತಾಳೆಯ ಮೀಟರ್ ಪಟ್ಟಿ ಇನ್ನೂ ಇದೆ. ಅದನ್ನು ತೊಳೆದು ಅಂಗಡಿಯೊಳಗೆ ಗೋಡೆ ಬದಿಗೆ ಹಾಕಿದೆವು, ಖಡೇಬಜಾರ್ ಅಣ್ಣ ಹೇಳಿದ ಜಾಗದಲ್ಲೇ. ಮೇಲೆ ಬಿಳಿ ಬಟ್ಟೆ. ಜಂಪರ್ ಪೀಸಿನ ಪಿನ್ ಎಲ್ಲ ಕಿತ್ತೆ. ತೂತು ಎದ್ದು ಕಾಣುವ ಪೀಸ್ ಬೇರೆ ಇಟ್ಟೆ. ಕಪ್ಪು, ಕಪ್ಪಿಗೆ ಹತ್ತಿರದ ಕಡುನೀಲಿ ಎಲ್ಲ ತೆಗೆದೆ. ಉಳಿದದ್ದನ್ನು ಐದೈದು ಮಾಡಿ ಕಟ್ಟಿದೆವು. ಹಸಿರು ಒಂದು ಪ್ರತಿ ಕಟ್ಟಿನಲ್ಲೂ ಮೇಲೆಯೇ ಕಾಣಬೇಕು ಅಂತ ಮಾವನವರ ಹಟ. ನಾನು ರಬ್ಬರ್ ಬ್ಯಾಂಡ್ ತಂದಿದ್ದೆ. ಅವರು ಅದನ್ನು ಮುಟ್ಟಲೇ ಇಲ್ಲ. ಅರಿಷಿಣ ಬಣ್ಣದ ದಾರ ತರಿಸಿ, ಮೂರು ಮಧ್ಯಾಹ್ನ ಕೂತು ತಾವೇ ಗಂಟು ಹಾಕಿದರು. ಬೋರ್ಡೂ ಅವರದೇ ಅಕ್ಷರ: "ಉಡಿ ತುಂಬುವ ಖಣ, ಐದಕ್ಕೆ 250." ಸೇಲ್ ಅನ್ನುವ ಪದ ಬರೆಯಲು ಬಿಡಲಿಲ್ಲ. ಇದನ್ನು ಖಣ ಅನ್ನಬಾರದು ಅಂತ ಗುಳೇದಗುಡ್ಡದ ಕಾಕಾ ಬೈಯಬಹುದು. ಬಾಯಿ ಮಾತಿಗೆ ಎಲ್ಲ ಜಂಪರ್ ಪೀಸೂ ಖಣವೇ ಅಲ್ವಾ ಕಾಕಾ?

ಲೆಕ್ಕ ಹಾಕಿ ನೋಡಿ. ಟಬ್‌ನಲ್ಲಿ ಜೋಡಿಗೆ 99. ಈಗ ಒಂದಕ್ಕೆ 50. ಬೆಲೆ ಇಳಿದಿಲ್ಲ, ಎಂಟಾಣೆ ಏರಿದೆ. 61 ಕಟ್ಟು ಹೋದವು. ಪಂಚಮಿಯ ಹೊತ್ತು, ಮಗಳಂದಿರು ತವರಿಗೆ ಬಂದಿದ್ದರು, ಹಾಗಾಗಿ ಎಲ್ಲ ಮೇಜಿನದೇ ಪುಣ್ಯ ಅಂತ ಹೇಳಲಾರೆ. ಆದರೆ ಚೌಕಾಶಿ ಬಹಳ ಕಡಿಮೆ ಇತ್ತು. ಒಬ್ಬ ಅಜ್ಜಿ ಕಟ್ಟನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು ಚೀಲಕ್ಕೆ ಹಾಕಿಕೊಂಡರು. ಆಗ ಮಾವನವರು ನನ್ನ ಮುಖ ನೋಡಿದರು. ಟಬ್ ಕಾಲದ ನೋಟ ಅಲ್ಲ ಅದು.

ಮಕ್ಕಳ ಬಟ್ಟೆಗೆ ಎರಡು ಬಿದಿರಿನ ಬುಟ್ಟಿ, ಸ್ಟೂಲಿನ ಮೇಲೆ. ತಳಕ್ಕೆ ಖಾಲಿ ಬಾಕ್ಸ್. ಕೂಸುಗಳಿಗೆ ಒಂದು, ಶಾಲೆಗೆ ಹೋಗುವವರಿಗೆ ಒಂದು. ತಾರೀಖಿನ ಪ್ರಯೋಗವನ್ನೂ ಅದಕ್ಕೇ ಮಾಡಿದೆ, ನನ್ನ ರೀತಿಯಲ್ಲಿ. ಮೊದಲ ವಾರ 149, ಎರಡನೇ ವಾರ 99, ಮೂರನೇ ವಾರ 59, ಆಮೇಲೆ ಬುಟ್ಟಿ ಎತ್ತಿದೆ. ಮುಂಚೆಯೇ ರಟ್ಟಿನ ಮೇಲೆ ಮೂರೂ ಬೆಲೆ, ಮೂರೂ ತಾರೀಖು ಬರೆದಿದ್ದೆ. ಎಲ್ಲರೂ ಕಡೆಗೇ ಬರುತ್ತಾರೆ ಅಂತ ಅಣ್ಣ ಹೆದರಿಸಿದ್ದರಲ್ಲ, ಹಾಗಾಗಲಿಲ್ಲ. 99ರ ವಾರದಲ್ಲೇ ಹೆಚ್ಚು ಹೋದವು. 59ಕ್ಕೆ ಕಾದವರಿಗೆ ಸಿಕ್ಕಿದ್ದು ಹೆಚ್ಚಾಗಿ ಒಂದೇ ಬಣ್ಣದ ಕಂದು ಫ್ರಾಕು. ಒಬ್ಬರು ಬೈದುಕೊಂಡೇ ಒಯ್ದರು.

ಬಿಲ್ ಪುಸ್ತಕದಲ್ಲಿ ಒಂದು ಗುರುತು ಇಟ್ಟಿದ್ದೆ. ಬುಟ್ಟಿಯದೋ ಮೇಜಿನದೋ ಮಾಲು ಇದ್ದ ಬಿಲ್ಲಿಗೆ ಮೂಲೆಯಲ್ಲಿ ಚುಕ್ಕಿ. ಅದರ ಜೊತೆ ಬೇರೆ ಮಾಲೂ ಇದ್ದರೆ ಎರಡು ಚುಕ್ಕಿ. 88 ಬಿಲ್ಲಿಗೆ ಚುಕ್ಕಿ ಬಿತ್ತು, ಅದರಲ್ಲಿ 29ಕ್ಕೆ ಎರಡು. ಬಾಗಿಲ ಟಬ್ ಇದ್ದಾಗ ಈ ಲೆಕ್ಕ ಇಟ್ಟಿರಲಿಲ್ಲ, ಹೋಲಿಸಲು ಬರುವುದಿಲ್ಲ. ಆದರೆ ಆಗ ಟಬ್‌ನಿಂದ ಒಂದು ಎತ್ತಿಕೊಂಡು, ಹೊರಗಿನಿಂದಲೇ ದುಡ್ಡು ಚಾಚಿ ಹೋಗುವವರೇ ಜಾಸ್ತಿ ಇದ್ದರು. ಅದು ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ.

ಟವೆಲ್‌ಗೆ ಚೀಟಿ ಹಾಕಿದೆ, ಲೆಕ್ಕದ ಚೀಲ ಸರ್ ಹೇಳಿದಂತೆ. "ಮಡಿಕೆಯಲ್ಲಿ ಬಣ್ಣ ಮಾಸಿದೆ" ಅಂತ ಓದಿ ಒಬ್ಬ ಲಾರಿ ಡ್ರೈವರ್ ಹನ್ನೆರಡೂ ಒಯ್ದ. "ನಾ ಏನ್ ಮದಿವಿಗೆ ಹೊಂಟಿಲ್ರಿ" ಅಂದ.

ಹಳದಿ ಫ್ರಾಕಿನವರು ಪಂಚಮಿಯ ಹಿಂದಿನ ದಿನ ಬಂದರು. ಎರಡು ಕಟ್ಟು ತೆಗೆದುಕೊಂಡರು, ಬೇರೇನೂ ಇಲ್ಲ. ನಾನು ಚಹಾ ತರಿಸಲಾ ಅಂದೆ. ಇಲ್ಲ, ಬಸ್ಸಿಗೆ ಹೊತ್ತಾಯಿತು ಅಂದರು. ಮಗಳು ಜೊತೆಗಿದ್ದಳು. ಆ ಫ್ರಾಕನ್ನೇ ಹಾಕಿದ್ದಳು, ಆಗಲೇ ಗಿಡ್ಡ ಆಗಿತ್ತು.

ಇನ್ನು ದುಪಟ್ಟಾ ಇಲ್ಲದ ಚೂಡಿದಾರ್ ಪೀಸ್ ಹನ್ನೊಂದು ಉಳಿದಿವೆ. ಮೂರು ಬೆಲೆ ಇಳಿಸಿ ನೋಡಿದೆ, ಯಾರೂ ಮುಟ್ಟಿಲ್ಲ. ಇದಕ್ಕೆ ಯಾರ ಹತ್ತಿರವಾದರೂ ಉಪಾಯ ಇದೆಯಾ?

ಮುಧೋಳದ ಟೀಚರ್

ಯಾವ ಬಣ್ಣ? ಫೋಟೋ ಹಾಕಿ. ನನ್ನ ಹತ್ತಿರ ಚೂಡಿದಾರ್ ಇಲ್ಲದ ದುಪಟ್ಟಾ ಏಳಿವೆ.